ಎಡ ಹೊಳ್ಳೆಯ ವಿಚಾರಣೆ

ನನ್ನ ಮೂಗಿನೊಳಗೆ ಮತ್ತೆ ಹುಣ್ಣಾಗಿತ್ತು. ಆಗಿದೆ ಎಂಬುದು ಇಡೀ ಕಟ್ಟಡಕ್ಕೆ ಗೊತ್ತಿತ್ತು. ಏಕೆ ಆಗಿದೆ ಎಂಬುದು ಮಾತ್ರ ನನ್ನೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ದಿನಚರಿಯಲ್ಲಿ “ಗಾಳಿ ತೀರ ಒಣಗಿದೆ” ಎಂದು ಬರೆದು ಮಲಗುತ್ತಿದ್ದೆ. ನಾನು ಬರೆದು ನಾನೇ ಓದುವ ಪುಸ್ತಕಕ್ಕೂ ನಿಜ ಹೇಳಲು ನಾಚಿಕೆ.

ಈ ಹುಣ್ಣಿನ ಗಾತ್ರ ಸಾಸಿವೆ ಕಾಳಿನಷ್ಟು. ಅದರ ಅಧಿಕಾರ ಮಾತ್ರ ಇಡೀ ಮುಖದ ಮೇಲೆ. ನಕ್ಕರೆ ಎಳೆಯುತ್ತದೆ, ಸೀನಿದರೆ ಕಣ್ಣಲ್ಲಿ ನಕ್ಷತ್ರ ಕಾಣಿಸುತ್ತದೆ, ಮುಖ ಒರೆಸಿಕೊಳ್ಳುವಾಗ ಟವೆಲ್ಲಿನ ಅಂಚು ತಗುಲಿದರೆ ಮುಗಿದೇ ಹೋಯಿತು. ಹುಣ್ಣು ಕೈಯಲ್ಲೋ ಕಾಲಲ್ಲೋ ಆದರೆ ನಾಲ್ಕು ಜನಕ್ಕೆ ತೋರಿಸಿ “ಅಯ್ಯೋ ಪಾಪ” ಅನ್ನಿಸಿಕೊಳ್ಳಬಹುದು. ಮೂಗಿನೊಳಗಿನ ಹುಣ್ಣಿಗೆ ಆ ಭಾಗ್ಯವಿಲ್ಲ. ತೋರಿಸುವವರು ತಲೆ ಹಿಂದಕ್ಕೆ ವಾಲಿಸಬೇಕು, ನೋಡುವವರು ಬಗ್ಗಬೇಕು, ಇನ್ನೊಬ್ಬರು ಟಾರ್ಚು ಹಿಡಿಯಬೇಕು. ಅಷ್ಟು ಹೊತ್ತಿಗೆ ಮೂವರಲ್ಲಿ ಯಾರ ಮರ್ಯಾದೆಯೂ ಉಳಿದಿರುವುದಿಲ್ಲ.

ಇದೆಲ್ಲ ಶುರುವಾದದ್ದು ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ. ನನ್ನ ಪದವಿ ಇತಿಹಾಸದ್ದು, ಕೆಲಸ ಮಾತ್ರ ಗಿರಾಕಿಗಳ ಕಿವಿಯ ಹಿಂದೆ. ಅವರ ಮುಖಕ್ಕೆ ಫ್ರೇಮು ಏರಿಸಿ, ಕಡ್ಡಿ ಕಿವಿಗೆ ಒತ್ತುತ್ತದೆಯೋ, ಗಾಜು ಮೂಗಿನ ಮೇಲಿಂದ ಜಾರುತ್ತದೆಯೋ ನೋಡಿ, ಸ್ವಲ್ಪ ಬಿಸಿ ಮಾಡಿ ಬಗ್ಗಿಸಿ ಕೊಡಬೇಕು. ಗಿರಾಕಿ ಕೂತಿರುತ್ತಾರೆ, ನಾನು ಅವರ ಮುಖದ ಮೇಲೆ ಬಾಗಿರುತ್ತೇನೆ. ಹೀಗಾಗಿ ಹೊಸ ಗಾಜು ಹಾಕಿಕೊಂಡವರಿಗೆ ಈ ಜಗತ್ತಿನಲ್ಲಿ ಮೊಟ್ಟಮೊದಲು ಸ್ಪಷ್ಟವಾಗಿ ಕಾಣಿಸುವುದು ನನ್ನ ಮೂಗಿನ ಹೊಳ್ಳೆಗಳು. ಈ ಸಂಗತಿ ನನಗೆ ಹೊಳೆದಿರಲಿಲ್ಲ. ಒಬ್ಬ ಅಜ್ಜಿ ಹೊಳೆಯಿಸಿದರು.

“ಅಯ್ಯೋ ದೇವರೇ, ಎಲ್ಲಾ ಕಾಣ್ತಿದೆಯಲ್ಲೇ!” ಅಜ್ಜಿ ಕುರ್ಚಿಯಲ್ಲೇ ಕುಣಿದರು. “ಗಡಿಯಾರ ಕಾಣುತ್ತೆ. ರಸ್ತೆ ಆಚೆ ಬೋರ್ಡು ಕಾಣುತ್ತೆ. ನಿನ್ನ ಮೂಗಲ್ಲಿ ಕೂದಲು ಇಣುಕ್ತಿದೆ ನೋಡು, ಅದೂ ಕಾಣುತ್ತೆ ಕಣೇ ಮಗಳೇ!”

“ನಮ್ಮ ಗಾಜು ಅಂದ್ರೆ ಹಾಗೆ ಅಜ್ಜಿ,” ಎಂದು ಯಜಮಾನರು ಗಲ್ಲಾದಿಂದಲೇ ಎದೆಯುಬ್ಬಿಸಿದರು. ಸರದಿಯಲ್ಲಿ ಕಾಯುತ್ತಿದ್ದ ಇಬ್ಬರು ಗಾಜಿನ ಗುಣಮಟ್ಟವನ್ನು ಕಣ್ಣಾರೆ ಪರೀಕ್ಷಿಸಲು ಮುಂದೆ ಬಾಗಿದರು.

ಅಂದು ಸಂಜೆ ಮನೆಗೆ ಬರುವ ದಾರಿಯಲ್ಲಿ ಹುಬ್ಬು ತಿದ್ದುವ ಪ್ಲಕ್ಕರ್ ಕೊಂಡೆ. ಬಚ್ಚಲಿನ ಚಿಲಕ ಹಾಕಿ, ಕನ್ನಡಿಗೆ ಮುಖ ಒಡ್ಡಿ ಎಳೆದೆ. ಒಂದು ಕೂದಲಿಗೆ ಒಂದು ಸೀನು, ಒಂದು ಸೀನಿಗೆ ಎರಡು ಹನಿ ಕಣ್ಣೀರು. ಆದರೂ ಕೊನೆಗೆ ಹೊಳ್ಳೆಗಳು ಗುಡಿಸಿ ಸಾರಿಸಿದ ಹಾಗೆ ಹಸನಾದವು. ಮರುದಿನ ಗಿರಾಕಿಗಳ ಮೇಲೆ ಧೈರ್ಯವಾಗಿ ಬಾಗಿದೆ. ಅದಾದ ಮೇಲೆ ಹುಣ್ಣು ಬಂತು. ಹುಣ್ಣು ವಾಸಿಯಾಗುವ ಹೊತ್ತಿಗೆ ಸರಿಯಾಗಿ ಕೂದಲು ಇಣುಕಿತು. ಕೂದಲು ಕಿತ್ತೆ, ಹುಣ್ಣು ಬಂತು. ಪ್ರಕೃತಿ ಇಷ್ಟು ಶಿಸ್ತಿನಿಂದ ಇನ್ನೆಲ್ಲಿಯೂ ಕೆಲಸ ಮಾಡುವುದನ್ನು ನಾನು ಕಂಡಿಲ್ಲ.

ಮನೆಯಲ್ಲಿ ಮೊದಲು ಕಂಡವರು ಅಮ್ಮ. “ಏನೇ ಇದು, ಮೂಗು ಕೆಂಪಗೆ ಹಣ್ಣಾಗಿದೆ?” ಎಂದು ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ನಾನು ಉತ್ತರ ಹುಡುಕುತ್ತಿರುವಾಗಲೇ ಅವರಿಗೆ ಉತ್ತರ ಸಿಕ್ಕಿತು. “ಉಷ್ಣ. ನೀರೇ ಕುಡಿಯಲ್ಲ ನೀನು. ಅಲ್ವಾ?”

ನಾನು ತಲೆಯಾಡಿಸಿದೆ.

ನನ್ನ ತಲೆಯಾಟದ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ‘ನೀವು ಹೇಳಿದ್ದು ಕೇಳಿಸಿತು, ಇನ್ನು ನನ್ನನ್ನು ಬಿಟ್ಟುಬಿಡಿ’ ಎಂಬುದರ ಸಂಕ್ಷಿಪ್ತ ರೂಪ ಅದು. ಚಿಕ್ಕಂದಿನಿಂದ ಅದನ್ನೇ ಆಡಿಸಿಕೊಂಡು ಬಂದಿದ್ದೇನೆ. ಕೇಳಿದವರೆಲ್ಲ ಅವರವರಿಗೆ ಬೇಕಾದ ಅರ್ಥವನ್ನು ಅದರಿಂದ ತೆಗೆದುಕೊಂಡು ತೃಪ್ತರಾಗಿ ಹೋಗುತ್ತಾರೆ. “ಎಷ್ಟು ಒಳ್ಳೆ ಹುಡುಗಿ, ಎದುರು ಮಾತೇ ಇಲ್ಲ” ಎಂಬ ಹೆಸರು ನನಗೆ ಬಂದದ್ದೇ ಹೀಗೆ.

ನಮ್ಮ ಜೊತೆಗೇ ಇರುವ ಅತ್ತೆ, ಅಪ್ಪನ ಅಕ್ಕ, ಅಮ್ಮನ ಉಷ್ಣವನ್ನು ಒಪ್ಪಲಿಲ್ಲ. ಸ್ನಾನಕ್ಕೆ ಹೋದವಳು ಕಣ್ಣು ಕೆಂಪಗೆ ಮಾಡಿಕೊಂಡು ಬರುವುದನ್ನು ಅವರು ಬಹಳ ದಿನಗಳಿಂದ ಗಮನಿಸಿದ್ದರಂತೆ.

“ಬಚ್ಚಲಲ್ಲಿ ಅಳ್ತಾಳೆ ಇವಳು,” ಎಂದರು. “ಅಳೋದು, ಮೂಗೊರೆಸೋದು, ಅಳೋದು, ಮೂಗೊರೆಸೋದು. ಚರ್ಮ ಏನು ಕಬ್ಬಿಣವೇ? ಯಾರೋ ಮನಸ್ಸಲ್ಲಿದ್ದಾನೆ. ಹೇಳೇ, ಇದ್ದಾನೆ ತಾನೇ?”

ನಾನು ತಲೆಯಾಡಿಸಿದೆ. ಅತ್ತೆ ಗೆದ್ದವರ ಹಾಗೆ ಅಮ್ಮನ ಕಡೆ ನೋಡಿದರು.

ಅಪ್ಪ ಊರೂರು ತಿರುಗುವ ಕೆಲಸದವರು. ಅವರು ಫೋನಿನಲ್ಲಿ “ಫ್ಯಾನು, ಫ್ಯಾನು. ಮುಖಕ್ಕೆ ನೇರ ಹಾಕ್ಕೊಂಡು ಮಲಗ್ತೀಯ. ಹೌದೋ ಅಲ್ವೋ?” ಎಂದರು. ಫೋನಿನಲ್ಲೂ ನಾನು ತಲೆಯಾಡಿಸಿದೆ. “ಆಂ, ಅದೇ ನಾನು ಹೇಳಿದ್ದು” ಎಂದು ಇಟ್ಟುಬಿಟ್ಟರು. ಹೇಗೆ ಕೇಳಿಸಿತೋ ತಿಳಿಯದು.

ಉಷ್ಣಕ್ಕೆ ನೀರು, ಫ್ಯಾನಿಗೆ ಮುಸುಕು, ಪ್ರೇಮಕ್ಕೆ ಅತ್ತೆಯ ಕಾವಲು, ಮೂರೂ ನಡೆದವು. ಹುಣ್ಣು ಮಾತ್ರ ಹೋಗಿ ಬಂದು ಮಾಡುತ್ತಲೇ ಇತ್ತು. ಕೊನೆಗೆ ಅಮ್ಮ ನನ್ನನ್ನು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು.

ಡಾಕ್ಟರು ಒಳ್ಳೆಯವರು. ನನ್ನನ್ನೇ ನೋಡಿ, ನನ್ನನ್ನೇ ಕೇಳಿದರು. “ಪದೇ ಪದೇ ಆಗುತ್ತೆ ಅಂದ್ರೆ ಏನೋ ಒಂದು ಪದೇ ಪದೇ ಕೆಣಕ್ತಿದೆ ಅಂತ ಅರ್ಥ. ಮೂಗಿಗೆ ಬೆರಳು ಹಾಕೋ ಅಭ್ಯಾಸ ಇದೆಯಾ?”

“ಛೆ ಛೆ!” ಅಮ್ಮ ಉತ್ತರಿಸಿದರು. “ಡಿಗ್ರಿ ಆಗಿದೆ ಡಾಕ್ಟ್ರೇ.”

“ಡಿಗ್ರಿ ಆದವರಿಗೂ ಬೆರಳಿರುತ್ತಲ್ಲಮ್ಮ. ಹೋಗ್ಲಿ, ಕೂದಲು ಕೀಳೋದು? ತುಂಬಾ ಜನ ಕೀಳ್ತಾರೆ. ಕಿತ್ತ ಜಾಗದ ಬುಡದಲ್ಲಿ ಸೋಂಕಾಗಿ ಹುಣ್ಣಾಗುತ್ತೆ.”

ಇದಕ್ಕಿಂತ ಒಳ್ಳೆಯ ಸಮಯ, ಇದಕ್ಕಿಂತ ಒಳ್ಳೆಯ ಕಿವಿ ನನಗೆ ಸಿಗುವಂತಿರಲಿಲ್ಲ. ಬಾಯಿ ತೆರೆದೆ.

“ಅಯ್ಯೋ ಅಂಥದ್ದೆಲ್ಲ ನಮ್ಮ ಮನೇಲಿ ಇಲ್ಲ,” ಎಂದು ಅಮ್ಮ ಕೈಯಾಡಿಸಿದರು. “ಹೆಣ್ಣುಮಗು, ಮೂಗಿನ ಕೂದಲು ಅಂತೆಲ್ಲ ಕೇಳ್ತೀರಲ್ಲ. ಬೇರೆ ಏನಾದ್ರೂ ಕಾರಣ ಹೇಳಿ.”

ಡಾಕ್ಟರು ಹೇಳಿದರು. ಒಣಗಾಳಿ, ಅಲರ್ಜಿ, ಬಿಡದ ನೆಗಡಿ, ಜೋರಾಗಿ ಮೂಗು ಸೀಟುವುದು, ಅತಿಯಾಗಿ ಬಳಸಿದ ಸ್ಪ್ರೇ, ಧೂಳು, ಹೊಗೆ, ರಾಸಾಯನಿಕದ ಆವಿ. ಹಚ್ಚಲು ಒಂದು ಮುಲಾಮು ಬರೆದುಕೊಟ್ಟು, “ಕೈ ಮಾತ್ರ ಹಾಕ್ಬೇಡಿ. ಯಾವ ಕಾರಣಕ್ಕೂ” ಎಂದು ನನ್ನ ಕಣ್ಣನ್ನೇ ನೋಡಿದರು. ನಾನು ತಲೆಯಾಡಿಸಿದೆ. ಅವರೊಬ್ಬರಿಗೆ ಮಾತ್ರ ಆ ತಲೆಯಾಟದ ಮೇಲೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಅಷ್ಟು ಉದ್ದದ ಪಟ್ಟಿಯಲ್ಲಿ ಅಮ್ಮ ಹೊತ್ತುಕೊಂಡು ಬಂದದ್ದು ಕೊನೆಯದನ್ನು. ಮೆಟ್ಟಿಲು ಹತ್ತುವಾಗ ಎದುರಾದವರಿಗೆಲ್ಲ “ರಾಸಾಯನಿಕದ ಆವಿಯಂತೆ” ಎಂದು ಹೇಳಿಕೊಂಡೇ ಹತ್ತಿದರು. ಉಷ್ಣ ಎಂದರೆ ತಾಯಿಯ ಮೇಲೆ ಮಾತು ಬರುತ್ತದೆ, ಪ್ರೇಮ ಎಂದರೆ ಮನೆತನದ ಮೇಲೆ. ರಾಸಾಯನಿಕ ಯಾರ ಮನೆಯದೂ ಅಲ್ಲ.

ಎರಡನೆಯ ಮಹಡಿಯ ತಿರುವಿನಲ್ಲಿ ಕಾರ್ಯದರ್ಶಿಗಳು ಸಿಕ್ಕಿದರು.

ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಗಳೇ ತಲೆ, ಕಾಲು, ಕೋರಂ ಎಲ್ಲವೂ. ಅವರಿಗೊಂದು ಕಾರಿದೆ. ಅದು ಬೀದಿಯ ಮರದ ಕೆಳಗೆ ನಿಂತು, ಹಕ್ಕಿಗಳಿಂದಾಗಿ ತನ್ನ ಮೂಲ ಬಣ್ಣವನ್ನು ಕಳೆದುಕೊಂಡಿದೆ. ಕಾರು ನಿಲ್ಲಿಸಬಹುದಾದ ಒಂದೇ ಜಾಗ ನೆಲಮಹಡಿಯ ಕೋಣೆ. ಅಲ್ಲಿ ಪಾಲಿಷ್ ಮಾಮ ಇದ್ದಾರೆ. ಹಳೆಯ ಕುರ್ಚಿ ಮೇಜುಗಳನ್ನು ರಿಪೇರಿ ಮಾಡಿ ಪಾಲಿಷ್ ಹೊಡೆದು ಕೊಡುವ ಅವರು ನಾನು ಹುಟ್ಟುವ ಮೊದಲಿನಿಂದಲೂ ಅಲ್ಲೇ ಇದ್ದಾರೆ. ಸಂಘದ ನಿಯಮದ ಪ್ರಕಾರ, ಕಟ್ಟಡದ ಯಾರ ಆರೋಗ್ಯಕ್ಕೂ ತೊಂದರೆಯಾಗದಿರುವ ತನಕ ಅವರು ಇರಬಹುದು. ಆದ್ದರಿಂದ ಕಾರ್ಯದರ್ಶಿಗಳು ವರ್ಷಗಳಿಂದ ಮೆಟ್ಟಿಲಲ್ಲಿ ನಿಂತು ಎಲ್ಲರ ಆರೋಗ್ಯ ವಿಚಾರಿಸುತ್ತಿದ್ದರು. “ಕೆಮ್ಮು ಏನಾದ್ರೂ? ಇಲ್ವಾ? ಉಬ್ಬಸ? ಸ್ವಲ್ಪನೂ ಇಲ್ವಾ?” ಎಲ್ಲರೂ ಗಟ್ಟಿಮುಟ್ಟಾಗಿದ್ದು ಅವರನ್ನು ನಿರಾಶೆಗೊಳಿಸುತ್ತಿದ್ದರು.

ಈಗ ನನ್ನ ಮೂಗು ಅವರಿಗೆ ದಕ್ಕಿತು.

“ಕೆಳಗಿನ ವಾರ್ನಿಷ್ ವಾಸನೆ ನಿಮ್ಮ ಮನೆ ತನಕ ಬರುತ್ತಾ ಅಮ್ಮಾ?” ಎಂದು ನನ್ನನ್ನು ಕೇಳಿದರು, ಮಗುವಿನ ಜೊತೆ ಮಾತಾಡುವ ಹಾಗೆ.

ಬರುತ್ತಿತ್ತು. ಮಧ್ಯಾಹ್ನದ ಹೊತ್ತು ಕಿಟಕಿಯಿಂದ ಬರುವ ಆ ವಾಸನೆ ನನಗೆ ಇಷ್ಟವೂ ಆಗಿತ್ತು. ತಲೆಯಾಡಿಸಿದೆ.

“ಕೇಳಿದ್ರಲ್ಲ,” ಎಂದು ಅವರು ಖಾಲಿ ಮೆಟ್ಟಿಲುಗಳಿಗೆ ಹೇಳಿದರು. “ಸಂತ್ರಸ್ತೆ ಬಾಯಿಂದಲೇ ಬಂತು.” ಬಾಯಿಂದ ಏನೂ ಬಂದಿರಲಿಲ್ಲ. ಆದರೆ ಅಂದೇ ಅವರು ನಗರಸಭೆಯ ಆರೋಗ್ಯ ವಿಭಾಗಕ್ಕೆ ಫೋನು ಮಾಡಿ, ಒಂದು ಮುಗ್ಧ ಜೀವದ ಉಸಿರಾಟದ ಪ್ರಶ್ನೆಯೆಂದೂ, ನಿರೀಕ್ಷಕರು ಬಂದು ನೋಡಿ ಅಂಗಡಿ ಮುಚ್ಚಿಸಬೇಕೆಂದೂ ಕೇಳಿಕೊಂಡರಂತೆ.

ಪಾಲಿಷ್ ಮಾಮ ಜಗಳಕ್ಕೆ ಬರುತ್ತಾರೆಂದು ನಾನು ಕಾದೆ. ಬಂದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅವರು ಬಾಗಿಲಿಗೆ ಒದ್ದೆ ಬಟ್ಟೆಯ ಪರದೆ ಕಟ್ಟಿದರು. ನಾನು ಕೆಲಸಕ್ಕೆ ಹೋದ ಮೇಲೆ ವಾರ್ನಿಷ್ ಡಬ್ಬಿ ತೆರೆದು, ನಾನು ಬರುವುದರೊಳಗೆ ಮುಚ್ಚತೊಡಗಿದರು. ಮರದ ಪುಡಿ ಏಳಬಾರದೆಂದು ಕೆಲಸದ ಜಾಗಕ್ಕೆಲ್ಲ ನೀರು ಚಿಮುಕಿಸಿದರು. ಸಂಜೆ ನಾನು ಮೆಟ್ಟಿಲು ಹತ್ತುವಾಗ ಪರದೆಯ ಹಿಂದಿನಿಂದಲೇ “ಮೂಗು ಹೇಗಿದೆ ಮಗಳೇ?” ಎಂದು ಕೇಳುತ್ತಿದ್ದರು.

“ಅವರಿಗೆ ಬೇರೆ ಜಾಗ ಎಲ್ಲಿದೆ?” ಎಂದು ಒಂದು ದಿನ ಊಟದ ಹೊತ್ತಿಗೆ ಅಮ್ಮನನ್ನು ಕೇಳಿದೆ.

“ಎಲ್ಲಿದೆ? ಎಲ್ಲೂ ಇಲ್ಲ,” ಎಂದರು ಅಮ್ಮ. “ಈ ವಯಸ್ಸಲ್ಲಿ ಹೊಸ ಬೀದಿಗೆ ಹೋದ್ರೆ ಅವರ ಹತ್ರ ಕುರ್ಚಿ ತರೋರು ಯಾರು? ಆದ್ರೆ ನಾವೇನು ಮಾಡೋಕಾಗುತ್ತೆ, ನಿನ್ನ ಮೂಗು ನೋಡ್ಬೇಕಲ್ಲ.”

“ಅಮ್ಮಾ, ಅದು ವಾರ್ನಿಷ್...”

“ವಾರ್ನಿಷ್ಷೇ ಕಣೇ, ಗೊತ್ತು. ಮಾತಾಡ್ಬೇಡ, ಮೂಗು ಎಳೆಯುತ್ತೆ.”

ಅಮ್ಮನಿಗೆ ಹೇಳಲಾಗದಿದ್ದರೆ ಬೇಡ, ಯಾರಿಗೆ ಹೇಳಬೇಕೋ ಅವರಿಗೇ ಹೇಳಿಬಿಡೋಣವೆಂದು ರಜೆಯ ಮಧ್ಯಾಹ್ನ ಕೆಳಗಿಳಿದೆ. ಪರದೆ ಸರಿಸಿದೊಡನೆ ಪಾಲಿಷ್ ಮಾಮ ಹಾರಿ ಎದ್ದರು. ಡಬ್ಬಿಗೆ ಮುಚ್ಚಳ ಒತ್ತಿದರು, ಅದರ ಮೇಲೆ ಗೋಣಿಚೀಲ ಹಾಕಿದರು, ಹಿಂದಿನ ಕಿಟಕಿ ತೆರೆದರು.

“ಒಳಗೆ ಬರ್ಬೇಡ, ಅಲ್ಲೇ ನಿಲ್ಲು, ಅಲ್ಲೇ ನಿಲ್ಲು. ಉಸಿರು ಹಿಡ್ಕೋ ಸ್ವಲ್ಪ.”

ನಾನು ಹೊಸ್ತಿಲಲ್ಲೇ ಉಸಿರು ಹಿಡಿದು ನಿಂತೆ. ಉಸಿರು ಹಿಡಿದವಳು ಮಾತಾಡುವುದು ಹೇಗೆ?

“ನೀನೇನೂ ಹೇಳ್ಬೇಡ ಮಗಳೇ. ನಂಗೆ ಗೊತ್ತು,” ಎಂದರು. ಅವರ ಹುಬ್ಬಿನ ಮೇಲೆಲ್ಲ ಮರದ ಪುಡಿ. “ಇಷ್ಟು ವರ್ಷ ಇದರಲ್ಲೇ ಇದ್ದೀನಿ, ನನ್ನ ಮೂಗಿಗೆ ಏನೂ ಆಗ್ಲಿಲ್ಲ. ನಂಗೆ ಆಗದೆ ಇದ್ದದ್ದು ಇನ್ಯಾರಿಗೂ ಆಗಲ್ಲ ಅಂದ್ಕೊಂಡೆ. ಆ ಲೆಕ್ಕ ತಪ್ಪಾಯ್ತು.”

“ಹಾಗಲ್ಲ ಮಾಮ, ನಾನು...”

“ಹೇಳು.”

ಅವರು ಕೈಕಟ್ಟಿ ನಿಂತು ಕಾದರು. ಯಾರಾದರೂ ನನ್ನ ಮಾತಿಗೆ ಹಾಗೆ ಕಾದದ್ದು ಬಹುಶಃ ಅದೇ ಮೊದಲು. ಆ ಗಾಬರಿಗೇ ಇದ್ದ ಮಾತೂ ಹಾರಿಹೋಯಿತು. ಮೂಗು, ಕೂದಲು, ಪ್ಲಕ್ಕರ್ ಎಂಬ ಮೂರು ಶಬ್ದಗಳನ್ನು ಒಂದರ ಪಕ್ಕ ಒಂದು ಇಡಲು ನನ್ನಿಂದ ಆಗಲಿಲ್ಲ.

“ಕುರ್ಚಿ ಚೆನ್ನಾಗಿದೆ,” ಎಂದೆ, ಅವರ ಹಿಂದೆ ಅರ್ಧ ಪಾಲಿಷ್ ಆಗಿ ನಿಂತಿದ್ದ ಒಂದನ್ನು ತೋರಿಸಿ.

ಅವರು ತಿರುಗಿ ಕುರ್ಚಿಯನ್ನು ನೋಡಿದರು. “ಚೆನ್ನಾಗಿಲ್ಲ. ನೀರು ಚಿಮುಕ್ಸಿ ಚಿಮುಕ್ಸಿ ಕಾಲು ಉಬ್ಬಿದೆ. ಕೂತ್ರೆ ಅಲ್ಲಾಡುತ್ತೆ. ಗಿರಾಕಿ ಬೇಡ ಅಂತ ಬಿಟ್ಟು ಹೋದ.”

ನಾನು ಮೇಲೆ ಬಂದೆ. ಆ ದುಃಖಕ್ಕೆ ಅಂದು ಇನ್ನೂ ಕೆಲವು ಕೂದಲು ಕಿತ್ತೆ. ಕೀಳುವಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಈಗ ಗಿರಾಕಿಗಳ ಹೆದರಿಕೆಯಿಂದ ನಾನು ಕೀಳುತ್ತಿರಲಿಲ್ಲ. ಬಾಯಿಗೆ ಬರದ ಮಾತೆಲ್ಲ ಕೈಗೆ ಬಂದು, ಕೈ ಮೂಗಿಗೆ ಹೋಗುತ್ತಿತ್ತು.

ಮುಂದಿನ ರಜೆಯ ದಿನ ಬೆಳಗ್ಗೆ ಆರೋಗ್ಯ ನಿರೀಕ್ಷಕರು ಬಂದರು. ದಪ್ಪ ಮೀಸೆಯ, ದಣಿದ ಕಣ್ಣಿನ ಮನುಷ್ಯ. ಬಂದವರೇ ಪಾಲಿಷ್ ಮಾಮನ ಅಂಗಡಿಯ ಬಾಗಿಲಲ್ಲಿ ನಿಂತು ದೊಡ್ಡದಾಗಿ ಸೀನಿದರು.

“ನೋಡಿದ್ರಾ ಸಾರ್, ನೋಡಿದ್ರಾ!” ಕಾರ್ಯದರ್ಶಿಗಳು ಕುಪ್ಪಳಿಸಿದರು. “ಬಂದ ತಕ್ಷಣ ನಿಮಗೂ ಶುರುವಾಯ್ತು!”

“ನಂಗೆ ಮನೇಲೇ ಶುರುವಾಗಿತ್ತು,” ಎಂದರು ನಿರೀಕ್ಷಕರು ಮೂಗೊರೆಸಿಕೊಳ್ಳುತ್ತ. “ಇನ್ಯಾರಿಗಾದ್ರೂ ತೊಂದರೆ ಇದೆಯಾ?”

ಮೆಟ್ಟಿಲ ತುಂಬ ಜನ ಸೇರಿದ್ದರು. ಮೇಲಿನ ಮನೆಯ ಟೀಚರ್ ಕೈಯೆತ್ತಿದರು. “ನಮ್ಮ ಯಜಮಾನ್ರು ಭಯಂಕರ ಗೊರಕೆ ಹೊಡೀತಾರೆ ಸಾರ್. ಇದೇ ವಾಸನೆಯಿಂದ.”

“ಎಷ್ಟು ಕಾಲದಿಂದ?”

“ಮದುವೆ ಆದಾಗಿನಿಂದ.”

“ಆಗ ಇದೇ ಮನೆಯಲ್ಲಿದ್ರಾ?”

“ಇಲ್ಲ, ಬೇರೆ ಊರಲ್ಲಿದ್ವಿ.” ಟೀಚರ್ ಕೈ ಇಳಿಸಿದರು.

“ಆ ಹುಡುಗಿ ಎಲ್ಲಿ?” ಎಂದರು ನಿರೀಕ್ಷಕರು.

ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಕೂರಿಸಲು ಏನಾದರೂ ಬೇಕಲ್ಲ, ಕಾರ್ಯದರ್ಶಿಗಳು ಅಂಗಡಿಯೊಳಗಿನಿಂದ ಒಂದು ಕುರ್ಚಿ ಎಳೆದು ಹಾಕಿದರು. ಅದು ಆ ಉಬ್ಬಿದ ಕಾಲಿನದೇ. ಅಲ್ಲಾಡುವ ಆಸನದ ಮೇಲೆ ಕೂತು, ಸೂರಿನ ಕಡೆ ಮುಖ ಮಾಡಿ, ಇಡೀ ಕಟ್ಟಡದ ಎದುರು ನನ್ನ ಹೊಳ್ಳೆಗಳನ್ನು ಒಡ್ಡಿದೆ. ಯಾವುದನ್ನು ಮುಚ್ಚಿಡಬೇಕೆಂದು ಇಷ್ಟೆಲ್ಲ ಮಾಡಿದ್ದೆನೋ ಅದರ ಮೇಲೆ ಟಾರ್ಚಿನ ಬೆಳಕು ಬಿತ್ತು.

“ಎಡಗಡೆ ದೊಡ್ಡದಿದೆ,” ಎಂದರು ನಿರೀಕ್ಷಕರು. “ಬಲಗಡೆ ಈಗ ಏಳ್ತಾ ಇದೆ. ಯಾವಾಗ ಹೆಚ್ಚಾಗುತ್ತೆ?”

“ಬಿಸಿಲು ಹತ್ತಿದಾಗ,” ಎಂದರು ಅಮ್ಮ.

“ಸ್ನಾನ ಮಾಡಿದ ಮೇಲೆ,” ಎಂದರು ಅತ್ತೆ, ಅರ್ಥಗರ್ಭಿತವಾಗಿ.

“ವಾರ್ನಿಷ್ ಡಬ್ಬಿ ತೆಗೆದಾಗ,” ಎಂದರು ಕಾರ್ಯದರ್ಶಿಗಳು.

ನಿರೀಕ್ಷಕರು ಟಾರ್ಚು ಆರಿಸಿದರು. “ಮೂಗು ಯಾರದ್ದು?”

ಎಲ್ಲರ ಬೆರಳೂ ನನ್ನ ಕಡೆ ತಿರುಗಿತು.

“ಹಾಗಾದ್ರೆ ಅವರೇ ಹೇಳ್ಲಿ. ಏನಮ್ಮಾ, ಇದು ಈ ವಾರ್ನಿಷ್‌ನಿಂದಲೇ ಆಗಿದ್ದಾ?”

ನನ್ನ ತಲೆ ಅಭ್ಯಾಸಬಲದಿಂದ ಆಡತೊಡಗಿತು.

“ತಲೆ ಬೇಡ,” ಎಂದರು ಅವರು. “ತಲೆ ಆಡಿಸಿದ್ದನ್ನ ನಾನು ಮೇಲಿನವರಿಗೆ ಹೇಗೆ ಹೇಳ್ಲಿ? ಬಾಯಿ ಬಿಟ್ಟು ಹೇಳಿ. ನೀವು ಹೌದು ಅಂದ್ರೆ ಇವತ್ತೇ ಬಾಗಿಲು ಹಾಕಿಸ್ತೀನಿ. ಅಲ್ಲ ಅಂದ್ರೆ ನಾನು ಹೋಗಿ ಮಲಗ್ತೀನಿ, ನಂಗೆ ಜ್ವರ ಬರ್ತಿದೆ.”

“ನಾಚಿಕೆ ಸ್ವಭಾವ ಸಾರ್ ಅದಕ್ಕೆ,” ಎಂದು ಕಾರ್ಯದರ್ಶಿಗಳು ಮುಂದೆ ಬಂದರು. “ಅದರ ಪರವಾಗಿ ನಾನು...”

“ಸಾರ್.” ಪಾಲಿಷ್ ಮಾಮ ಪರದೆಯ ಪಕ್ಕದಿಂದ ಮಾತಾಡಿದರು. ಕೈಯಲ್ಲಿ ಬಾಗಿಲಿನ ಬೀಗ ಹಿಡಿದುಕೊಂಡೇ ನಿಂತಿದ್ದರು. “ಆ ಮಗುನ ಯಾಕೆ ಹೀಗೆ ಎಲ್ಲರ ಮುಂದೆ ಗೋಳು ಹೊಯ್ಕೋತೀರ? ಪಾಪ, ನನ್ನ ಮುಖ ನೋಡಿ ಅದಕ್ಕೆ ಹೌದು ಅನ್ನೋಕೆ ಸಂಕೋಚ. ನಾನೇ ಖಾಲಿ ಮಾಡ್ತೀನಿ, ಬಿಡಿ. ಈ ಸಾಮಾನು ಇಡೋಕೆ ಒಂದು ಜಾಗ ನೋಡ್ಕೊಳ್ಳೋ ತನಕ ಸಮಯ ಕೊಡಿ, ಸಾಕು.”

“ಭೇಷ್,” ಎಂದರು ಕಾರ್ಯದರ್ಶಿಗಳು. ಅವರ ಕಣ್ಣು ಆಗಲೇ ಕೋಣೆಯ ಅಗಲವನ್ನು ಅಳೆಯುತ್ತಿತ್ತು.

“ಅಲ್ಲ,” ಎಂದೆ.

ಯಾರಿಗೂ ಕೇಳಿಸಲಿಲ್ಲ. ಅಮ್ಮನಿಗೆ ಮಾತ್ರ ಕೇಳಿಸಿರಬೇಕು. “ಸುಮ್ನಿರೇ, ಮೂಗು ಎಳೆಯುತ್ತೆ” ಎಂದರು.

ಎಳೆಯಿತು. ಎಳೆಯಲಿ ಎಂದುಕೊಂಡು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಉರುಳಿ ಬಿತ್ತು. ಆ ಸದ್ದಿಗೆ ಮೆಟ್ಟಿಲಿನ ಮೇಲಿದ್ದವರೂ ಕೆಳಗಿದ್ದವರೂ ಒಮ್ಮೆಗೇ ಬಾಯಿ ಮುಚ್ಚಿದರು. ನಿರೀಕ್ಷಕರು ಬರಬೇಕಿದ್ದ ಸೀನನ್ನೂ ತಡೆಹಿಡಿದರು.

“ಮಾಮನ ಪಾಲಿಷ್‌ನಿಂದ ಅಲ್ಲ,” ಎಂದೆ. ಅಷ್ಟು ದೊಡ್ಡ ದನಿ ನನಗಿದೆಯೆಂದು ನನಗೇ ಗೊತ್ತಿರಲಿಲ್ಲ. ಮೇಲಿನ ಮಹಡಿಯ ಗೋಡೆಗೆ ಬಡಿದು ಅದು ಮತ್ತೆ ಕೆಳಗಿಳಿದು ಬಂತು. “ನಾನು ಮೂಗಿನ ಕೂದಲು ಕಿತ್ಕೋತೀನಿ. ಬಚ್ಚಲಲ್ಲಿ, ಪ್ಲಕ್ಕರ್ ಹಿಡ್ಕೊಂಡು. ಎರಡೂ ಕಡೆ.”